ಸ್ಲ್ಯಾಶ್ ಆದ್ಮೇಲಿನ ನಂಬರ್

ಮಾರ್ಚ್ 29, 2005. ರಾತ್ರಿ 11.20

ಇವತ್ತಿನ ರೌಟರ್ ರೀಡಿಂಗು ಇಪ್ಪತ್ತೊಂದು ಸ್ಲ್ಯಾಶ್ ಹದಿನೆಂಟು. ಸಂಜೆ ನಾಲ್ಕಕ್ಕೆ. ನಾಲ್ಕಕ್ಕೆ ನೋಡಿ ನಾಲ್ಕಕ್ಕೇ ಬರೆದೆ. ಈಗ ದಿನಾ ಹಂಗೇ.

ಕೆಂಪು ಲೈಟ್ ಇದೆ... ಓಡ್ತಿದೆ ಟೇಪು.

ಬರೆಯೋದು ಆಫೀಸಲ್ಲೇ ಸಾಕಾಗೋಗಿದೆ, ಅದಕ್ಕೆ ಬಾಯಲ್ಲಿ ಹೇಳೋದು. ಈ ರೆಕಾರ್ಡರ್ ತಗೊಂಡಿದ್ದು ಪಾಠ ತುಂಬ್ಕೊಳ್ಳೋಕೆ. ರೌಟರ್ ಪರೀಕ್ಷೆ ಕಟ್ಬೇಕು ಅಂತಿದ್ದೆ, ನಮ್ಮ ಕಂಪನಿ ಗಿರಾಕಿಗಳಿಗೆ ಇಂಟರ್ನೆಟ್ ಹಂಚೋ ಪೆಟ್ಟಿಗೆ ಅದು. ಪಾಠ ಹೇಳ್ತಿದ್ದೋನು ಅಬ್ರಾರ್, ಪಕ್ಕದ ಸೀಟು. ಹೋದ ವಾರ ಸೋಮವಾರ ಅವನನ್ನ ಕೆಲಸದಿಂದ ತೆಗೆದ್ರು. ಕುರ್ಚಿ ಹಂಗೇ ಇದೆ. ಅದರ ಮೇಲೆ ಈಗ ಭೀಮಾಶಂಕರ್ ಸರ್ ಜಾಕೆಟ್ ಹಾಕ್ತಾರೆ.

ಆ ಜಾಕೆಟ್ ನೋಡಿದಾಗೆಲ್ಲ ಎತ್ತಿ ಕಿಟಕಿಯಿಂದಾಚೆ ಎಸೀಬೇಕು ಅನ್ಸುತ್ತೆ. ಶಿಫ್ಟ್ ಲೀಡ್ ಅವರು. ಆಳಂದ ಕಡೆಯೋರು, ನಾನು ಶಹಾಪುರ. ನಮ್ಮ ಕಡೆ ಹುಡುಗಿ ಅಂತ ಕೆಲಸ ಕೊಡಿಸಿದ್ದೂ ಅವರೇ. ತಂಗಿ ಅಂತಾರೆ. ತಂಗಿ, ನೀರು ತಾ. ತಂಗಿ, ರಿಜಿಸ್ಟರ್ ತಾ. ಸರಿ ಅಣ್ಣಾ. ತರ್ತೀನಿ. ಒಂದಿನ ತಂದೇ ತರ್ತೀನಿ.

ಗೋಡೆ ಬಡೀತಿದಾರೆ. ಓನರ್ ಪಿಳ್ಳಮ್ಮ. "ಯಾರಮ್ಮಾ ಅದು ಈ ಟೈಮಲ್ಲಿ? ಹುಡುಗನಾ?"

"ಇಲ್ಲ ಆಂಟಿ, ಓದ್ಕೋತಿದೀನಿ."

"ಓದೋಳು ಹಲ್ಲು ಕಡ್ಕೊಂಡು ಓದ್ತಾಳಾ?"

ಆಫ್ ಮಾಡ್ತೀನಿ.

ಮಾರ್ಚ್ 30. ರಾತ್ರಿ 11

ಇಪ್ಪತ್ತು ಸ್ಲ್ಯಾಶ್ ಹದಿನೇಳು. ನಡುವೆ ಮೂರೇ ವ್ಯತ್ಯಾಸ, ಎಲ್ಲಾ ಸರಿ ಇದೆ ಅಂತ ಅರ್ಥ.

ಅಬ್ರಾರ್ ಹೇಳ್ಕೊಟ್ಟಿದ್ದು ಹಿಂಗೆ. ಅವರಪ್ಪಂದು ಮೊದಲು ಶಿವಾಜಿನಗರದಲ್ಲಿ ಸಣ್ಣ ಹೋಟೆಲ್ ಇತ್ತಂತೆ. "ನೋಡು, ರೌಟರ್ ಒಂದು ಹೋಟೆಲ್ ಅನ್ಕೋ. ಸ್ಲ್ಯಾಶ್ ಮುಂಚಿನ ನಂಬರ್ ಅಂದ್ರೆ ಹೋಟೆಲ್ ಒಟ್ಟು ಎಷ್ಟು ಬ್ಯುಸಿ ಅಂತ. ಸ್ಲ್ಯಾಶ್ ಆದ್ಮೇಲಿಂದು ಬರೀ ಪಾರ್ಸೆಲ್. ಬಂದ, ಕಟ್ಟಿದ್ರು, ಹೋದ. ಗಲ್ಲಾ ಮೇಲಿರೋ ಅಬ್ಬಾನ ಯಾರೂ ಎಬ್ಸಲ್ಲ. ಇಲ್ಲೂ ಇಂಟರ್ನೆಟ್ ಪ್ಯಾಕೆಟ್ ಈ ಕಡೆ ಬಂತು, ಆ ಕಡೆ ಹೋಯ್ತು, ಅಷ್ಟೇ. ತೊಂಬತ್ತು ಸ್ಲ್ಯಾಶ್ ಎಂಬತ್ತೈದು ಬಂತಾ? ಗಿರಾಕಿ ಜಾಸ್ತಿ. ದೊಡ್ಡ ಅಂಗಡಿ ನೋಡ್ಕೋ. ಆದ್ರೆ ತೊಂಬತ್ತು ಸ್ಲ್ಯಾಶ್ ಐದು ಬಂತು ಅನ್ಕೋ. ಪಾರ್ಸೆಲ್ ಇಲ್ಲ, ಆದ್ರೂ ಎಲ್ರೂ ಬೆವರ್ತಿದಾರೆ. ಹಂಗಂದ್ರೆ?"

"ಒಳಗೆ ಜಗಳ."

"ಹಾಂ ಜೀ. ಹೊರಗಿನೋರನ್ನ ಬಯ್ಯೋ ಮುಂಚೆ ಒಳಗೆ ಹೋಗಿ ನೋಡು."

ಒಂದೇ ನಂಬರ್ ಓದೋನು ಮೂರ್ಖ, ಎರಡೂ ಓದು ಅಂತಿದ್ದ.

ಏಪ್ರಿಲ್ 1. ರಾತ್ರಿ 10.50

ಇಪ್ಪತ್ಮೂರು ಸ್ಲ್ಯಾಶ್ ಹತ್ತೊಂಬತ್ತು.

ಆ ದಿನದ್ದು ಪೂರ್ತಿ ಹೇಳ್ಬಿಡ್ತೀನಿ. ಎಲ್ಲೂ ಇಲ್ಲ ಅದು. ಇಲ್ಲಾದ್ರೂ ಇರ್ಲಿ.

ಮಾರ್ಚ್ ಹನ್ನೊಂದು, ಶುಕ್ರವಾರ. ಮೂರು ಮುಕ್ಕಾಲು. ದೊಡ್ಡನೆಕ್ಕುಂದಿ ಫ್ಯಾಕ್ಟರಿಯಿಂದ ಇಬ್ರು ಬಂದಿದ್ರು, ನಮ್ಮ ಹತ್ರ ಇಂಟರ್ನೆಟ್ ತಗೊಳ್ಳೋ ಯೋಚನೆ. ಭೀಮಾಶಂಕರ್ ಸರ್ ಅವರನ್ನ ತಮ್ಮ ಟೇಬಲ್ ಹತ್ರ ನಿಲ್ಸಿ, "ನೋಡ್ರಿ ಸರ, ನಮ್ಮ ಮೇನ್ ರೌಟರ್ ಹೆಂಗ ಕೆಲ್ಸ ಮಾಡ್ತದ ಲೈವ್ ತೋರಸ್ತೀನಿ" ಅಂದ್ರು. ಡೀಬಗ್ ಆಲ್ ಹೊಡೆದ್ರು.

ಡೀಬಗ್ ಆಲ್ ಅಂದ್ರೆ, ನೀನು ಮಾಡೋ ಒಂದೊಂದು ಕೆಲಸಾನೂ ಬಾಯ್ಬಿಟ್ಟು ಹೇಳ್ತಾ ಮಾಡು ಅಂತ ರೌಟರ್‌ಗೆ ಹೇಳಿದಂಗೆ. ಹೇಳೋದ್ರಲ್ಲೇ ಅದರ ಉಸಿರು ಹೋಗುತ್ತೆ. ಓಡೋ ರೌಟರ್ ಮೇಲೆ ಯಾರೂ ಹೊಡೆಯಲ್ಲ. ಸ್ಕ್ರೀನ್ ಮೇಲೆ ಸಾಲು ಸಾಲು ಓಡ್ತು. ಫ್ಯಾಕ್ಟರಿಯೋರು ಓಹೋ ಅಂದ್ರು. ಆಮೇಲೆ ಸ್ಕ್ರೀನ್ ನಿಂತೋಯ್ತು. ಫೋನುಗಳು ಶುರುವಾದ್ವು.

ಅಬ್ರಾರ್ ತನ್ನ ಕಡೆಯಿಂದ ಹೆಂಗೋ ಒಳಗೆ ಹೋಗಿ ಸಿಪಿಯು, ಅಂದ್ರೆ ಆ ಸ್ಲ್ಯಾಶ್ ನಂಬರ್, ನೋಡ್ದ. ಜೋರಾಗಿ ಓದ್ದ. "ತೊಂಬತ್ತೊಂಬತ್ತು ಸ್ಲ್ಯಾಶ್ ಎಂಟು. ಸರ್, ಟ್ರಾಫಿಕ್ ಅಲ್ಲ. ಒಳಗಿಂದು. ನಿಮ್ಮ ಸೀಟಿಂದ ಡೀಬಗ್ ಇದೆ, ತೆಗೀರಿ."

ಭೀಮಾಶಂಕರ್ ಸರ್ ಎದ್ದು ಹೋಗಿ ಪವರ್ ಕಿತ್ತು ಹಾಕಿದ್ರು. ನಾಲ್ಕೂ ಕಾಲು ಆಗಿತ್ತು. ರೌಟರ್ ಮತ್ತೆ ಎದ್ದಾಗ ಅದಕ್ಕೆ ಏನೂ ನೆನಪಿರ್ಲಿಲ್ಲ. ಯಾರು ಹೊಡೆದ್ರು, ಯಾವಾಗ ಹೊಡೆದ್ರು, ಎಲ್ಲಾ ಹೋಯ್ತು.

ಅರ್ಧ ಗಂಟೆ ಎಲ್ಲಾ ಗಿರಾಕಿಗಳಿಗೂ ಲೈನ್ ಇಲ್ಲ. ರಿಪೋರ್ಟ್ ಕೇಳಿದ್ರು ಮೇಲಿನೋರು. ಭೀಮಾಶಂಕರ್ ಸರ್ ಸುಳ್ಳು ಕಥೆ ಬರೆದ್ರು. ಅಬ್ರಾರ್ ಯಾರನ್ನೂ ಕೇಳ್ದೆ ಶಿವಾಜಿನಗರದಲ್ಲಿರೋ ತನ್ನ ಚಿಕ್ಕಪ್ಪನ ಖಾದರ್ ಸೈಬರ್ ಕೆಫೆಗೆ ಮಿತಿ ತೆಗೆದು ಲೈನ್ ಬಿಟ್ಟಿದ್ದ. ಕೆಫೆಯೋರು ಪಿಕ್ಚರ್ ಡೌನ್‌ಲೋಡ್ ಹಾಕಿದ್ರು. ಟ್ರಾಫಿಕ್ ತಡ್ಕೊಳ್ಳೋಕಾಗ್ದೆ ರೌಟರ್ ನಿಂತಿತು. ಹಿಂಗೆ.

ಹತ್ತು ದಿನ. ಒಂದು ಮೀಟಿಂಗು. ಅಬ್ರಾರ್ ಮನೆಗೆ.

ಏಪ್ರಿಲ್ 1. ರಾತ್ರಿ 11.40

ಮತ್ತೆ ಆನ್ ಮಾಡ್ದೆ. ನಿದ್ದೆ ಬರ್ತಿಲ್ಲ. ಪೂರ್ತಿ ಹೇಳ್ತೀನಿ ಅಂದು ಅರ್ಧ ಹೇಳ್ದೆ.

ರಿಜಿಸ್ಟರ್ ನಂದು. ಗಂಟೆಗೊಂದು ಸಲ ಸಿಪಿಯು ಎಷ್ಟು, ಲೈನ್ ಎಷ್ಟು ತುಂಬಿದೆ ಅಂತ ನೋಡಿ ಬರೀಬೇಕು. ಯಾರೂ ಹಂಗೆ ಬರೆಯಲ್ಲ. ಶಿಫ್ಟ್ ಶುರುವಾದಾಗ್ಲೇ ಒಂಬತ್ತರ ತನಕ ತುಂಬ್ಸಿಬಿಡೋದು. ಹದಿನೆಂಟು, ಹತ್ತೊಂಬತ್ತು, ಹದಿನೆಂಟು, ಇಪ್ಪತ್ತು. ಸೇರಿದ ದಿನಾನೇ ಭೀಮಾಶಂಕರ್ ಸರ್ ಹೇಳ್ಕೊಟ್ಟಿದ್ರು, "ಮ್ಯಾಲ ಕೆಳಗ ಸ್ವಲ್ಪ ಆಡಸು ತಂಗಿ, ಒಂದೇ ನಂಬರ್ ಬರೀಬ್ಯಾಡ" ಅಂತ. ಆ ಶುಕ್ರವಾರಾನೂ ಒಂದು ಗಂಟೆಗೇ ತುಂಬ್ಸಿಟ್ಟಿದ್ದೆ. ನಾಲ್ಕು ಗಂಟೆ ಎದುರಿಗೆ ಹದಿನೆಂಟು ಸ್ಲ್ಯಾಶ್ ಹದಿನೈದು. ರೌಟರ್ ಸತ್ತು ಬಿದ್ದಿರೋ ಹೊತ್ತಿಗೆ ಹದಿನೆಂಟು.

ಸಂಜೆ ಭೀಮಾಶಂಕರ್ ಸರ್ ರಿಜಿಸ್ಟರ್ ತೆಗೆದು ನೋಡಿದ್ರು. ನಕ್ಕರು.

"ಏನವ್ವಾ ಇದು? ಹೆಡ್ ಆಫೀಸಿನ ಮೇಡಂ ನೋಡಿದ್ರ ನಿನ್ನ ಕಥಿ ಏನು?"

ರಿಜಿಸ್ಟರ್ ವಾಪಸ್ ತಗೊಳ್ಳೋಕೆ ಕೈ ಚಾಚ್ದೆ. ಕೊಡ್ಲಿಲ್ಲ.

"ಹೆದರಬ್ಯಾಡ. ಹಾಳಿ ಹರಿ. ಹೊಸದು ಬರಿ. ನಾ ಹೇಳ್ತೀನಿ."

ಹೇಳಿದ್ರು. ನಾಲ್ಕು ಗಂಟೆ, ಲೈನ್ ನೂರಕ್ಕೆ ನೂರು. ಸಿಪಿಯು ತೊಂಬತ್ತೊಂಬತ್ತು ಸ್ಲ್ಯಾಶ್ ತೊಂಬತ್ತಾರು.

ತೊಂಬತ್ತಾರು. ಅಂದ್ರೆ ಎಲ್ಲಾ ಹೊರಗಿನ ಟ್ರಾಫಿಕ್ಕೇ. ಒಳಗೆ ಏನೂ ಇಲ್ಲ. ಅದರ ಅರ್ಥ ಏನು ಅಂತ ಗೊತ್ತಿಲ್ದೆ ಬರೆದೆ ಅನ್ನೋಕಾಗಲ್ಲ. ಅಬ್ರಾರೇ ಹೇಳ್ಕೊಟ್ಟಿದ್ನಲ್ಲ. ಚೆನ್ನಾಗೇ ಹೇಳ್ಕೊಟ್ಟಿದ್ದ.

ಬರೆದೆ.

ಏಪ್ರಿಲ್ 10. ರಾತ್ರಿ 9

ರಜೆ. ರೀಡಿಂಗ್ ಇಲ್ಲ.

ಶಿವಾಜಿನಗರಕ್ಕೆ ಹೋಗಿದ್ದೆ. ಖಾದರ್ ಕೆಫೆ ಬಸ್ ಸ್ಟ್ಯಾಂಡಿಂದ ಎರಡು ಗಲ್ಲಿ ಒಳಗೆ, ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ಎಂಟು ಕಂಪ್ಯೂಟರ್. ಅಬ್ರಾರ್ ಬಾಗಿಲ ಹತ್ರ ಕೂತು ಟೋಕನ್ ಕೊಡ್ತಿದ್ದ.

"ಏನ್ ಮೇಡಂ? ಹಾಫ್ ಅವರ್ರಾ, ಫುಲ್ ಅವರ್ರಾ?"

ಭೀಮಾಶಂಕರ್‌ನ ಬಿಡಲ್ಲ ಅಂದೆ. ಅವರು ಮತ್ತೆ ಯಾವತ್ತಾದ್ರೂ ಡೀಬಗ್ ಹೊಡೆದೇ ಹೊಡೀತಾರೆ, ನಾನು ಪ್ರಿಂಟ್ ತಗೋತೀನಿ, ಹಿಡಿದು ಕೊಡ್ತೀನಿ ಅಂದೆ. ಒಂದೇ ಉಸಿರಲ್ಲಿ ಹೇಳ್ದೆ. ಬಸ್ಸಲ್ಲಿ ದಾರಿ ಪೂರ್ತಿ ಮನಸ್ಸಲ್ಲೇ ಹೇಳ್ಕೊಂಡು ಬಂದಿದ್ದೆ.

ಅವನು ಯಾರಿಗೋ ಚಿಲ್ಲರೆ ಕೊಟ್ಟ. ಆಮೇಲೆ ಕೇಳ್ದ, "ಮೀಟಿಂಗಲ್ಲಿ ನನಗೆ ರಿಜಿಸ್ಟರ್ ತೋರ್ಸಿದ್ರು, ಗೊತ್ತಾ?"

"ಗೊತ್ತು."

"ನಿನ್ನ ಒಂಬತ್ತಿಗೆ ಬಾಲ ಇರುತ್ತೆ. ಎಷ್ಟು ಸಲ ತಮಾಷೆ ಮಾಡಿದೀನಿ. ಇಲಿ ಬಾಲ ಅಂತ."

ಗಾಳೀಲಿ ಬೆರಳಲ್ಲಿ ಒಂಬತ್ತು ಬರೆದು ಬಾಲ ಎಳೆದ.

"ಆ ನಾಲ್ಕು ಗಂಟೆ ಸಾಲಲ್ಲಿ ಮೂರು ಇಲಿ ಇತ್ತು. ತೊಂಬತ್ತೊಂಬತ್ತರಲ್ಲಿ ಎರಡು. ತೊಂಬತ್ತಾರಲ್ಲಿ ಒಂದು."

ಯಾಕೆ ಹೇಳ್ಲಿಲ್ಲ ಅಲ್ಲೇ, ಅಂದೆ.

"ಏನಂತ ಹೇಳ್ಲಿ? ಹೇಳಿದ್ರೆ ನೀನೂ ಹೋಗ್ತಿದ್ದೆ. ನಾನಂತೂ ಹೋಗೋದು ಹೋಗೋದೇ. ಭೀಮಾಶಂಕರ್ ಮೇಲೆ ನಂಗೆ ಕೋಪ ಇಲ್ಲಮ್ಮ. ಅವನು ಹಂಗೇ ಅಂತ ಮೊದ್ಲೇ ಗೊತ್ತಿತ್ತು." ನನ್ನ ಮುಖ ನೋಡ್ದ. ಟೋಕನ್ ಡಬ್ಬಿ ಸರಿ ಮಾಡ್ದ. "ಡೀಬಗ್‌ಗೆ ಕಾಯ್ಬೇಡ. ಮತ್ತೆ ಲೈನ್ ಬಿದ್ರೆ ಇಲ್ಲಿ ಎಂಟು ಜನ ನನ್ನ ಕಾಲರ್ ಹಿಡೀತಾರೆ. ನಿನ್ನ ಸೇಡಿಗೆ ನಾನ್ಯಾಕೆ ಒದೆ ತಿನ್ಲಿ?"

ಚಹಾ ತರಿಸ್ದ. ಕುಡಿದೆ. ಏನು ರುಚಿ ಇತ್ತೋ.

ಏಪ್ರಿಲ್ 11. ರಾತ್ರಿ 11

ಇಪ್ಪತ್ತೆರಡು ಸ್ಲ್ಯಾಶ್ ಹತ್ತೊಂಬತ್ತು.

ಇವತ್ತು ಏನೂ ಇಲ್ಲ.

ಮೇ 2. ರಾತ್ರಿ 10.30

ಮೂರು ವಾರ ಆಯ್ತು ಇದನ್ನ ಮುಟ್ಟಿ. ಬ್ಯಾಟರಿ ಹಾಕ್ಸಿದೆ.

ಅವ್ವಂಗೆ ಎಸ್‌ಟಿಡಿ ಬೂತಿಂದ ಫೋನ್ ಮಾಡಿದ್ದೆ. ಜಟ್ಟೆಮ್ಮ ಅಂತ ಕರೆದು ಕೊಡ್ತಾರೆ ಎದುರುಮನೆಯೋರು, ಅಷ್ಟರಲ್ಲಿ ಅರ್ಧ ಟೈಮ್ ಹೋಗುತ್ತೆ. "ಭೀಮಾಶಂಕರಪ್ಪ ಊರಿಗಿ ಬಂದಾಗ ನಮ್ಮನಿಗೂ ಬಂದಿದ್ದ ನೋಡವಾ. ನಿಮ್ಮ ಮಗಳು ಭಾಳ ಶಾಣ್ಯಾ, ಹೇಳಿದ್ದು ಕೇಳ್ತಾಳ ಅಂದ. ದೇವರಂಥ ಮನಷ್ಯಾ." ಹ್ಞೂಂ ಅಂದೆ. ಹೇಳಿದ್ದು ಕೇಳ್ತಾಳೆ. ಕೇಳಿದ್ಲು.

ಅವರಿಗೆ ಪ್ರಮೋಷನ್. ಮಾರತ್ತಹಳ್ಳಿಯಲ್ಲಿ ಹೊಸ ಬ್ರಾಂಚ್, ಅದಕ್ಕೆ ಮ್ಯಾನೇಜರ್. ನಮ್ಮ ರೌಟರ್ ಚಿಕ್ಕದು, ಟ್ರಾಫಿಕ್ ತಡ್ಕೊಳ್ಳಲ್ಲ, ದೊಡ್ಡದು ಬೇಕು ಅಂತಾನೂ ಬರೆದಿದಾರೆ. ಸಾಕ್ಷಿ ಏನು? ನನ್ನ ತೊಂಬತ್ತಾರು. ಮೇ ಇಪ್ಪತ್ತಕ್ಕೆ ಹೆಡ್ ಆಫೀಸಿಂದ ಲಕ್ಷ್ಮಿದೇವಿ ಮೇಡಂ ಬರ್ತಾರೆ, ರಿಜಿಸ್ಟರ್ ನೋಡಿ ಎರಡಕ್ಕೂ ಸೈನ್ ಹಾಕ್ತಾರೆ. ಆದ್ಮೇಲೆ ಹಳೇ ರಿಜಿಸ್ಟರ್ ಎಲ್ಲಾ ಗುಜರಿಗೆ. ಗೋಣಿಚೀಲ ತಂದಿಟ್ಟಾಗಿದೆ.

ಒಂದು ವಿಷಯ ಹೊಳೆದಿದೆ. ಹೇಳ್ತೀನಿ, ಸರಿ ಇದ್ಯಾ ಅಂತ ನಾನೇ ಕೇಳಿಸ್ಕೋಬೇಕು.

ದಿನಾ ನಿಜವಾದ ರೀಡಿಂಗ್ ಬರೀತಿದೀನಲ್ಲ. ಲೈನ್ ಅರ್ಧ ತುಂಬಿದಾಗ ಸಿಪಿಯು ಇಪ್ಪತ್ತರ ಆಸುಪಾಸು. ಮುಕ್ಕಾಲು ತುಂಬಿದಾಗ ಮೂವತ್ತು. ಹಂಗಾದ್ರೆ ಪೂರ್ತಿ ತುಂಬಿದ್ರೆ? ಲೆಕ್ಕಕ್ಕೆ ನಲವತ್ತು ಆಗ್ಬೇಕು. ಅದಕ್ಕಿಂತ ಮೇಲೆ ಹೋಗೋಕೆ ದಾರೀನೇ ಇಲ್ಲ, ಪೈಪ್ ಇರೋದೇ ಅಷ್ಟು ಅಗಲ. ಖಾದರ್ ಕೆಫೆಯೋರು ಇಡೀ ಪ್ರಪಂಚದ ಪಿಕ್ಚರ್ ಇಳಿಸ್ಕೊಂಡ್ರೂ ಪೈಪಲ್ಲಿ ಹಿಡಿಸೋಷ್ಟೇ ಬರೋದು.

ತೊಂಬತ್ತಾರು ಸುಳ್ಳು ಅಂತ ರೌಟರ್ರೇ ಹೇಳುತ್ತೆ. ಒಂದಿನ ಲೈನ್ ಪೂರ್ತಿ ತುಂಬ್ಬೇಕು, ಅಷ್ಟೇ.

ಯಾವತ್ತು ತುಂಬುತ್ತೆ?

ಮೇ 14. ರಾತ್ರಿ 10

ಮಂಗಳವಾರ ಎಸ್ಸೆಸ್ಸೆಲ್ಸಿ ರಿಸಲ್ಟ್ ಅಂತೆ. ಈ ಸಲ ಇಂಟರ್ನೆಟ್ಟಲ್ಲೇ ನೋಡ್ಕೋಬಹುದು. ಶಿವಾಜಿನಗರದಿಂದ ಕೆ.ಆರ್. ಪುರಂ ತನಕ ಇರೋ ನಮ್ಮ ಗಿರಾಕಿ ಕೆಫೆ ಎಲ್ಲಾ ಒಂದೇ ಹೊತ್ತಿಗೆ ಲೈನಿಗೆ ಬೀಳುತ್ವೆ.

ಇನ್ನೊಂದು. ಶಿಫ್ಟ್ ಮುಗಿದ್ಮೇಲೆ ಲೀಡ್ ಎಲ್ಲಾ ರೀಡಿಂಗ್ ನೋಡಿ ಕೆಳಗೆ ಸೈನ್ ಹಾಕ್ಬೇಕು, ನಿಯಮ. ಭೀಮಾಶಂಕರ್ ಸರ್ ಈಗ ದಿನಾ ಮಾರತ್ತಹಳ್ಳಿಗೆ ಹೋಗ್ತಾರೆ, ಬಣ್ಣ ಹೊಡೆಸೋಕೆ, ಟೇಬಲ್ ಹಾಕ್ಸೋಕೆ. ಇವತ್ತು ರಿಜಿಸ್ಟರ್ ಎಳ್ಕೊಂಡ್ರು. ಮುಂದಿನ ಇಡೀ ವಾರದ ಖಾಲಿ ಪೇಜ್‌ಗೆಲ್ಲಾ ಸೈನ್ ಹಾಕಿದ್ರು, ಟಪಟಪ ಅಂತ.

"ತುಂಬಸ್ಕೋ ತಂಗಿ. ನನಗ ಟೈಮಿಲ್ಲ."

"ಹ್ಞೂಂ ಸರ್."

"ಮೇಡಂ ಬರೋತನಕ ಚಂದ ಚಂದ ನಂಬರ್ ಇರ್ಲಿ."

"ಚೆನ್ನಾಗೇ ಇರುತ್ತೆ ಸರ್."

ಅವರು ಹೋದ್ಮೇಲೆ ಮಂಗಳವಾರದ ಪೇಜ್ ತೆಗೆದು ಆ ಸೈನ್ ಮತ್ತೆ ಮತ್ತೆ ನೋಡ್ದೆ. ಖುಷಿಗೆ. ಇಷ್ಟು ಖುಷಿ ಈ ಊರಿಗೆ ಬಂದ್ಮೇಲೆ ಆಗೇ ಇಲ್ಲ.

ಮೇ 17. ರಾತ್ರಿ 11.50

ನಲವತ್ಮೂರು ಸ್ಲ್ಯಾಶ್ ನಲವತ್ತು.

ಇನ್ನೊಂದ್ಸಲ ಹೇಳ್ತೀನಿ. ನಲವತ್ಮೂರು ಸ್ಲ್ಯಾಶ್ ನಲವತ್ತು. ಲೈನ್ ನೂರಕ್ಕೆ ನೂರು. ಎರಡು ಗಂಟೆಯಿಂದ ಐದೂವರೆ ತನಕ ಅಲ್ಲೇ ನಿಂತಿತ್ತು. ಮೊದಲು ಐದು ಸೆಕೆಂಡಿನ ಸರಾಸರಿ ನೋಡ್ದೆ, ಅದು ಕುಣಿಯುತ್ತೆ, ನಂಬ್ಬಾರ್ದು. ಐದು ನಿಮಿಷದ್ದೂ ನೋಡ್ದೆ. ಅದೂ ನಲವತ್ಮೂರೇ. ಗಂಟೆಗೊಂದು ಪ್ರಿಂಟ್ ತೆಗೆದೆ. ಪ್ರಿಂಟರ್ ಕಿರ್ರ್ ಅಂತ ಕಿರುಚ್ತಿತ್ತು, ಪಿಳ್ಳಮ್ಮ ಇದ್ದಿದ್ರೆ ಗೋಡೆ ಬಡೀತಿದ್ರು.

ಮೂರೂವರೆಗೆ ಫೋನು.

"ಖಾದರ್ ಸೈಬರ್ ಕೆಫೆಯಿಂದ. ಲೈನ್ ತುಂಬಾ ಸ್ಲೋ." ಅವನೇ. ಹಿಂದೆ ಮಕ್ಕಳ ಗಲಾಟೆ, ಯಾರೋ ಒಬ್ಬಳು ಅಳ್ತಿದ್ಲು. ಪಾಸಾಗಿ ಅಳ್ತಿದ್ಲೋ ಫೇಲಾಗಿ ಅಳ್ತಿದ್ಲೋ.

"ಕಂಪ್ಲೇಂಟ್ ಬರ್ಕೊಂಡೆ ಸರ್" ಅಂದೆ.

ನನ್ನ ದನಿ ಗುರುತಿಸ್ದ. "ಲೈನ್ ಫುಲ್ಲಾ?"

"ಫುಲ್."

"ಸ್ಲ್ಯಾಶ್ ಆದ್ಮೇಲೆ?"

"ನಲವತ್ತು."

ಉಸಿರು ಕೇಳಿಸ್ತು. ಲೆಕ್ಕ ಅವನಿಗೆ ನನಗಿಂತ ಬೇಗ ಹೊಳೆಯುತ್ತೆ.

"ಆ ಹಳೇ ಪೇಜ್ ನಿನ್ನ ಕೈಬರಹ ಶಾಂಭವಿ."

"ಗೊತ್ತು."

"ಎರಡೂ ಪಕ್ಕಪಕ್ಕ ಇಟ್ರೆ ಮೊದ್ಲು ನಿನ್ನೇ ಕೇಳ್ತಾರೆ."

"ಕೇಳ್ಲಿ."

ಫೋನ್ ಇಟ್ಟ. ಇಡೋ ಮುಂಚೆ ಒಂದು ಮಾತು ಅಂದ, "ಬಾಲ ಇಲ್ದೆ ಬರಿ" ಅಂತ. ನಕ್ಕನೋ ಏನೋ, ಗಲಾಟೇಲಿ ಗೊತ್ತಾಗ್ಲಿಲ್ಲ.

ಆ ಪೇಜಲ್ಲಿರೋ ಒಂಬತ್ತಿಗೆಲ್ಲಾ ಬಾಲ ಹಾಕೇ ಬರೆದಿದೀನಿ. ನಂದೇ ಅಂತ ಗೊತ್ತಾಗ್ಲಿ.

ಮೇ 19. ರಾತ್ರಿ 10.15

ಇಪ್ಪತ್ತೊಂದು ಸ್ಲ್ಯಾಶ್ ಹದಿನೆಂಟು.

ನಾಳೆ ಮೇಡಂ ಬರ್ತಾರೆ ಅಂತ ಭೀಮಾಶಂಕರ್ ಸರ್ ಇವತ್ತು ರಿಜಿಸ್ಟರ್ ತಿರುವಿ ಹಾಕಿದ್ರು. ನಾನು ಎದುರಿಗೇ ನಿಂತಿದ್ದೆ. ಹದಿನೇಳನೇ ತಾರೀಖಿನ ಪೇಜ್ ಬಂತು. ಪ್ರಿಂಟುಗಳು ಅಂಟಿಸಿದ್ದೆ, ದಪ್ಪ ಆಗಿತ್ತು ಪೇಜು. ಓದಿದ್ರು. ಮಾರ್ಚ್ ಹನ್ನೊಂದು ತೆಗೆದ್ರು. ಮತ್ತೆ ಈ ಕಡೆ. ಮತ್ತೆ ಆ ಕಡೆ. ಅವರ ಬೆರಳು ನೋಡ್ತಾ ಇದ್ದೆ. ಒಂದೇ ರೌಟರ್, ಒಂದೇ ಲೈನ್, ಎರಡು ದಿನಾನೂ ಪೂರ್ತಿ ತುಂಬಿದೆ. ಅಲ್ಲಿ ತೊಂಬತ್ತಾರು, ಇಲ್ಲಿ ನಲವತ್ತು. ಕೆಳಗೆ ಅವರದ್ದೇ ಸೈನು.

"ಇದೇನಿದು?"

"ರೀಡಿಂಗ್ ಸರ."

"ಈ ಪೇಜ್ ಹರಿ."

"ಒಂದ್ಸಲ ಹರ್ದೀನಿ ಸರ. ಸಾಕು."

ಊರ ಮಾತು ಹಂಗೇ ಬಂದ್ಬಿಡ್ತು ಬಾಯಿಗೆ. ಆಫೀಸಲ್ಲಿ ಆಡಲ್ಲ ನಾನು, ನಗ್ತಾರೆ ಅಂತ.

ಅವರೇ ಹರಿಯೋಕೆ ಹೋದ್ರು. ಹರೀರಿ, ಆ ದಿನದ ಪ್ರಿಂಟ್ ಇನ್ನೊಂದು ಸೆಟ್ ಮೇಡಂಗೆ ನಿನ್ನೆ ಕೊರಿಯರ್ ಆಗ್ಯದ ಅಂದೆ. ಸುಳ್ಳಲ್ಲ, ಮಾಡಿದೀನಿ, ರಸೀದಿ ಇದೆ. ಕೈ ನಿಂತೋಯ್ತು.

"ಆ ದಿನ ಬರೆದಾಕಿ ನೀನು. ನನ್ನ ಅಕ್ಷರ ಎಲ್ಲದ ಅದರಾಗ?"

"ನಾನೇ ಬರೆದೀನಿ."

"ಹಂಗಾರ ನೀನೂ ಹೋಗ್ತಿ."

"ಹೋಗ್ತೀನಿ. ನೀವು ಹೇಳಿದ್ದು, ನಾ ಬರೆದದ್ದು. ನೀವು ಮುಂದ ನಡೀರಿ ಸರ. ನಾ ಹಿಂದ ಬರ್ತೀನಿ."

"ಖಾಲಿ ಪೇಜಿಗಿ ಸೈನ್ ಮಾಡಿಸ್ಕೊಂಡಿ ನೀ."

"ಹಂಗೇ ಹೇಳ್ರಿ ಮೇಡಂಗ. ಓದದನೇ ಸೈನ್ ಹಾಕ್ದೆ ಅಂತ ಹೇಳ್ರಿ."

ಎರಡು ತಿಂಗಳ ಹಿಂದೆ ಇದೇ ಮುಖ ನೋಡಿ ಕೈ ಕಟ್ಕೊಂಡು ನಿಲ್ತಿದ್ದೆ. ರಿಜಿಸ್ಟರ್ ಮುಚ್ಚಿ ಮೆತ್ತಗೆ ಅಂದ್ರು, "ನಿಮ್ಮವ್ವಗ ನಾ ಏನ್ ಹೇಳ್ಲಿ ತಂಗಿ?"

ಅದೊಂದು ಚುಚ್ಚಿತು. ನಿಜ ಹೇಳ್ತಿದೀನಿ, ಚುಚ್ಚಿತು. ಹಿಂದಕ್ಕೆ ಬರ್ಲಿಲ್ಲ ಆದ್ರೂ.

ರಿಜಿಸ್ಟರ್ ಮನೆಗೆ ತಂದಿದೀನಿ. ದಿಂಬಿನ ಕೆಳಗಿದೆ. ತಪ್ಪು, ತರ್ಬಾರ್ದು. ಇರ್ಲಿ, ಇದೂ ಒಂದು ತಪ್ಪು.

ಪಿಳ್ಳಮ್ಮ ಇವತ್ತು ಗೋಡೆ ಬಡೀಲಿಲ್ಲ. ಬಾಗಿಲಿಗೇ ಬಂದು ಅನ್ನ ಸಾರು ಕೊಟ್ಟು ಹೋದ್ರು. "ಹುಡುಗ ಕೈ ಕೊಟ್ನಾ?" ಅಂದ್ರು. "ಇಲ್ಲ ಆಂಟಿ, ನಾನೇ ಕೈ ಕೊಟ್ಟಿದ್ದೆ" ಅಂದೆ.

ಮೇ 20. ಬೆಳಿಗ್ಗೆ 10.40

ಆಫೀಸ್ ಮೆಟ್ಟಿಲ ಮೇಲಿದೀನಿ, ಎರಡನೇ ಮಹಡಿ ತಿರುವಲ್ಲಿ. ಮೆಲ್ಲಗೆ ಹೇಳ್ಬೇಕು.

ಮೇಡಂ ಒಂಬತ್ತೂವರೆಗೇ ಬಂದ್ರು. ಎರಡೂ ಪೇಜ್ ತೆರೆದು ಮುಂದೆ ಇಟ್ಟೆ. ಕನ್ನಡಕ ತೆಗೆದ್ರು, ಒರೆಸಿದ್ರು, ಹಾಕ್ಕೊಂಡ್ರು. "ಯು ವೇಟ್ ಔಟ್‌ಸೈಡ್" ಅಂದ್ರು. ಭೀಮಾಶಂಕರ್ ಸರ್‌ನ ಮೊದಲು ಒಳಗೆ ಕರೆದ್ರು. ಅಬ್ರಾರ್‌ಗೂ ಫೋನ್ ಹೋಗಿದೆ, ಬರ್ತಿದಾನಂತೆ. ಕೇಳಿದ ಕೂಡ್ಲೇ ಹೊರಟನಂತೆ, ಟೋಕನ್ ಡಬ್ಬಿ ಚಿಕ್ಕಪ್ಪನ ಕೈಗೆ ಕೊಟ್ಟು.

ಬಾಗಿಲು ಹಾಕಿದೆ. ಜೋರು ದನಿ ಕೇಳಿಸ್ತಿದೆ. ಅವರದ್ದೇ. ಗಾಜಲ್ಲಿ ನೆರಳು ಕಾಣುತ್ತೆ, ಎರಡು ಕೈ ಮೇಲೆ ಕೆಳಗೆ ಆಡ್ತಿದೆ. ಆಡ್ಲಿ. ಇಲ್ಲಿ ಕೂತು ಪೂರ್ತಿ ನೋಡ್ತೀನಿ.

ನನ್ನ ಕೆಲಸ ಇವತ್ತೇ ಹೋಗ್ಬಹುದು. ಜೂನ್ ಬಾಡಿಗೆ ಏನ್ಮಾಡ್ಲಿ, ಗೊತ್ತಿಲ್ಲ. ಊರಿಗೆ ಹೋಗಲ್ಲ, ಅದು ಮಾತ್ರ ಗೊತ್ತು.

ದನಿ ನಿಂತೋಯ್ತು.

ಕೇಳೋದು ಒಂದೇ ಪ್ರಶ್ನೆ. ಆ ದಿನ ನಾಲ್ಕು ಗಂಟೆಗೆ ನಿಜವಾಗ್ಲೂ ಎಷ್ಟಿತ್ತು? ತಡವರಿಸ್ಬಾರ್ದು. ಒಂದ್ಸಲ ಹೇಳಿ ನೋಡ್ತೀನಿ.

ಮೇಡಂ, ಆ ತೊಂಬತ್ತಾರು ನಾನು ಬರೆದಿದ್ದು, ಸುಳ್ಳು. ಅಬ್ರಾರ್ ಜೋರಾಗಿ ಓದಿದ್ದ, ನನ್ನ ಕಿವಿಯಾರೆ ಕೇಳಿದೀನಿ. ಒಂದೇ ನಂಬರ್ ಬರ್ಕೋಬೇಡಿ, ಎರಡೂ ಬರ್ಕೊಳ್ಳಿ—

ಬಾಗಿಲು ತೆಗೀತಿದೆ.

ತೊಂಬತ್ತೊಂಬತ್ತು ಸ್ಲ್ಯಾಶ್